ಪತ್ತನಾಜೆಗೆ ಮೊದಲು



ಮುಳಿಹುಲ್ಲಿನ ಮನೆಗಳಿದ್ದ ಕಾಲದಲ್ಲಿ ಮಾಡು ಹೊದೆಸಲು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ನೆರೆಕರೆಯೇ ಸೇರುತ್ತಿತ್ತು. ಹಂಚು ಬಂದಿತು, ಆ ರೂಢಿ ತಪ್ಪಿತು. ಆದರೆ ಹಂಚೂ ಒಡೆಯುತ್ತದೆ. ಸೋರಿದ ನೀರಿಗೆ ಮೊದಲು ರೀಪು, ಬಳಿಕ ಪಕ್ಕಾಸು ಕುಂಬಾಗುತ್ತದೆ. ಕೊನೆಗೆ ಮಾಡೇ ಕುಸಿಯುತ್ತದೆ.

ಒಂಟಿಯಾಗಿರುವ ಅಜ್ಜಿಗೆ ಏಣಿ ಹತ್ತಲಾಗದು, ಕೂಲಿಗೆ ಪಿಂಚಣಿ ಸಾಲದು, ಸೋರುತ್ತದೆಂದು ಹೇಳಲು ಸಂಕೋಚ. ಮೇ ಕೊನೆಯ ವಾರದ ಪತ್ತನಾಜೆಗೆ ಮೊದಲೇ ನಾವಾಗಿ ಹೋಗಿ ಕೇಳೋಣ. ಅನುಭವಿ ಬಡಗಿಯೊಬ್ಬರು ಜೊತೆಗಿರಲಿ. ಹಂಚಿನ ಮೇಲೆ ನೇರ ಕಾಲಿಡದೆ ಹಲಗೆ ಹಾಕಿಕೊಳ್ಳೋಣ. ಬಚ್ಚಲಿನ ಮೆಟ್ಟಲಿಗೆ ಕೈಹಿಡಿಕೆಯೊಂದನ್ನೂ ಜೋಡಿಸೋಣ.

ಪೆಟ್ಟಿಗೆ ಸರಿಸುವ ಮುನ್ನ ಅಜ್ಜಿಯ ಅಪ್ಪಣೆ ಬೇಕು, ಮನೆ ಅವರದು. ಅವರು ಗಂಜಿ ಬಡಿಸಿದರೆ ಬೇಡವೆನ್ನಬಾರದು. ನಾವು ಧರ್ಮ ಮಾಡಲು ಹೋದವರಲ್ಲ, ನೆರೆಕರೆಯವರು.