ಕ್ಷಮೆಯೂ ಬಾಕಿಯೂ



2017ರ ‘ದಿ ಫರ್ಗಿವನ್’ ಚಿತ್ರದಲ್ಲಿ ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಟೂಟೂ ಸೆರೆಮನೆಗೆ ಹೋಗಿ ಬಿಳಿಯ ಕೊಲೆಗಾರನೊಬ್ಬನ ಎದುರು ಕೂರುತ್ತಾರೆ. ತಾಯಿಯೊಬ್ಬಳು ಕಾಣೆಯಾದ ಮಗಳ ಗತಿ ಕೇಳುತ್ತಾಳೆ. ಕೊಲೆಗಾರ ಕಲ್ಪಿತ ಪಾತ್ರ. ಟೂಟೂ ಅವರ ಕೆಲಸ ಕಲ್ಪಿತವಲ್ಲ. ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವಿಚಾರಣೆಗೆ ಕೂತಿತು. ರಾಜಕೀಯ ಕಾರಣಕ್ಕೆ ಅಪರಾಧ ಮಾಡಿದವನು ಪೂರ್ಣ ಸತ್ಯ ಹೇಳಿದರೆ ಕ್ಷಮಾದಾನ ಪಡೆಯಬಹುದಾಗಿತ್ತು. ಎಷ್ಟೋ ತಾಯಂದಿರು ಕಣ್ಣೀರೊರೆಸಿಕೊಂಡು ಕ್ಷಮಿಸಿದರು. ಆ ದೊಡ್ಡ ಮನಸ್ಸಿಗೆ ನಾವು ತಲೆಬಾಗುತ್ತೇವೆ.

ಆದರೆ ಉದ್ಯಮಪತಿಗಳ ಸಂಪತ್ತಿನ ಮೇಲೆ ತೆರಿಗೆ ಹಾಕಿರೆಂಬ ಆಯೋಗದ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ. 2003ರಲ್ಲಿ ನೊಂದವರಿಗೆ ಘೋಷಿಸಿದ್ದು ತಲಾ 30,000 ರ‍್ಯಾಂಡ್, ಒಂದೇ ಸಲ. ಬಡವರು ಕ್ಷಮೆ ಕೊಟ್ಟರು; ಸಿರಿವಂತರು ಏನು ಕೊಟ್ಟರು? ಬಾಕಿ ಉಳಿಸಿ ಕೈ ಕುಲುಕಿದರೆ ಖಾತೆ ಮುಗಿಯದೆಂಬುದನ್ನು ನಾವು, ಅಂಗಡಿಯವರೂ ಮಿಲ್ಲಿನವರೂ, ಬಲ್ಲೆವು.