ಬಿದ್ದ ಹಲ್ಲು ಮತ್ತ ಬಂತು!

ನಮ್ಮ ದೊಡ್ಡಕ್ಕನ ಮನೆ ತಿಕೋಟಾದಲ್ಲಿ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಎಳ್ಳಮಾವಾಸ್ಯೆ ಬಂತೆಂದರೆ ಅವರ ಹೊಲಕ್ಕೆ ಚರಗ ಚೆಲ್ಲಲು ನಾವೆಲ್ಲ ಹಾಜರು. 2024ರ ಡಿಸೆಂಬರ್ 30ರಂದು ಹೋದಾಗ ಮಕ್ಕಳು ರೊಟ್ಟಿಬುತ್ತಿಯ ಜೊತೆಗೆ ಒಂದು ಕತೆಯನ್ನೂ ಕಟ್ಟಿಕೊಂಡು ಬಂದಿದ್ದರು. ಎಂಟನೆಯ ಇಯತ್ತೆಯ ಅಕ್ಕನ ಮಗಳು ಡೈರೆಕ್ಟರ್. ಫೋನ್ ನನ್ನದು, ಹಾಗಾಗಿ ಕ್ಯಾಮೆರಾಮನ್ ನಾನು. ಸಿನಿಮಾದ ಹೆಸರು ‘ಅಜ್ಜನ ಚಾಳೀಸು’. ಹೊಲದಲ್ಲಿ ಅಜ್ಜನ ಚಾಳೀಸು, ಅಂದರೆ ಕನ್ನಡಕ, ಕಳೆಯುತ್ತದೆ, ಮನೆಮಂದಿಯೆಲ್ಲ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ಎಲ್ಲಿ ಸಿಗುತ್ತದೆ ಎಂದು ಈಗಲೇ ಹೇಳಿದರೆ ಡೈರೆಕ್ಟರಮ್ಮನಿಗೆ ಸಿಟ್ಟು ಬರುತ್ತದೆ, ತಡೆಯಿರಿ.

ಅರ್ಧ ಶೂಟಿಂಗ್ ಆಗುವಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಉಳಿದರ್ಧವನ್ನು ಸಂಕ್ರಾಂತಿ ಸೂಟಿಯಲ್ಲಿ, ಬಬಲೇಶ್ವರದ ಸಣ್ಣಕ್ಕನ ಹೊಲದಲ್ಲಿ ತೆಗೆದೆವು. ಸಿದ್ಧೇಶ್ವರ ಜಾತ್ರೆಗೆಂದು ಎಲ್ಲರೂ ವಿಜಯಪುರಕ್ಕೆ ಬಂದಾಗ ಗೋಳಗುಮ್ಮಟದಲ್ಲೂ ಒಂದು ದೃಶ್ಯವಾಯಿತು. ಜೋಡಿಸಿದಾಗ ಒಂಬತ್ತು ನಿಮಿಷದ ಸಿನಿಮಾ. ಮುಂದಿನ ರವಿವಾರ ಟಿವಿಯಲ್ಲಿ ಮೊದಲ ಆಟ.

ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಆರು ವರ್ಷದ ಸಣ್ಣವನು ತೆರೆಯ ಮೇಲೆ “ಅಜ್ಜಾ, ನಿನ್ನ ಚಾಳೀಸ ಎಲ್ಲಿ ಅದ?” ಎಂದು ಕೇಳಿ ನಗುತ್ತಾನೆ. ಮುಂದಿನ ಹಲ್ಲುಗಳೆಲ್ಲ ಇವೆ. ಅಜ್ಜ ಜೇಬು ತಡಕುತ್ತಾನೆ. ಮತ್ತೆ ಸಣ್ಣವನ ಮುಖ: ನಡುವೆ ಒಂದು ಹಲ್ಲು ಮಾಯ, ಅಲ್ಲೊಂದು ಕಿಂಡಿ. ಅಜ್ಜ ತಲೆ ಕೆರೆದುಕೊಳ್ಳುತ್ತಾನೆ. ಮೂರನೆಯ ಸಲ ಸಣ್ಣವನು ಕಾಣಿಸಿದಾಗ ಹಲ್ಲು ತನ್ನ ಜಾಗದಲ್ಲೇ ಇದೆ! ಚಾಪೆಯ ಮೇಲೆ ಕೂತು ನೋಡುತ್ತಿದ್ದ ಸಣ್ಣವನೇ ಮೊದಲು ಕಿರುಚಿದ. “ಏ, ನನ್ನ ಬಿದ್ದ ಹಲ್ಲು ಮತ್ತ ಬಂತು!”

ಹಲ್ಲು ಬಿದ್ದದ್ದು ಎರಡು ಶೂಟಿಂಗುಗಳ ನಡುವಿನ ಹದಿನೈದು ದಿನದಲ್ಲಿ. ಮೊದಲನೆಯ ಮತ್ತು ಮೂರನೆಯ ತುಣುಕು ತಿಕೋಟಾದ್ದು, ನಡುವಿನದು ಬಬಲೇಶ್ವರದ್ದು. ದೊಡ್ಡ ಸಿನಿಮಾದವರೂ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ತೆಗೆಯುವುದಿಲ್ಲ. ಜಾಗ ಸಿಕ್ಕಾಗ, ನಟರು ಸಿಕ್ಕಾಗ, ಬಿಸಿಲು ಇದ್ದಾಗ ತೆಗೆದು ಆಮೇಲೆ ಪೋಣಿಸುತ್ತಾರೆ. ಪೋಣಿಸಿದಾಗ ಮಣಿಗಳು ಒಂದಕ್ಕೊಂದು ಹೊಂದಬೇಕಲ್ಲ? ಅದನ್ನೇ ಸಿನಿಮಾದವರು ಕಂಟಿನ್ಯುಯಿಟಿ ಎನ್ನುತ್ತಾರೆ. ಯಾರ ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಲೋಟದಲ್ಲಿ ಚಹಾ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಲೆಂದೇ ಒಬ್ಬರು ಇರುತ್ತಾರೆ. ನಮ್ಮ ಸಿನಿಮಾಕ್ಕೆ ಅಂಥವರು ಯಾರೂ ಇರಲಿಲ್ಲ.

ಆಮೇಲೆ ಮಕ್ಕಳು ಸಿನಿಮಾ ನೋಡುವುದನ್ನು ಬಿಟ್ಟು ತಪ್ಪು ಹುಡುಕಲು ಕೂತರು. ನಾನೂ ಕೂತೆ. ಹುಡುಕುತ್ತಾ ಹೋದಂತೆ ನನಗೊಂದು ವಿಷಯ ಹೊಳೆಯಿತು. ತೆರೆಯ ಮೇಲಿನ ಒಂದೊಂದು ವಸ್ತುವೂ ಒಂದೊಂದು ಗಡಿಯಾರ. ಹಲ್ಲು ವಾರಗಟ್ಟಲೆ ಲೆಕ್ಕ ಇಡುವ ಗಡಿಯಾರ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಗಡಿಯಾರ. 1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ಡೊರೊಥಿ ಎಂಬ ಹುಡುಗಿ ಬೆದರುಗೊಂಬೆಯೊಡನೆ ಮಾತಾಡುತ್ತಿರುವಾಗಲೇ ಅವಳ ಜಡೆ ಗಿಡ್ಡವಾಗಿ ಉದ್ದವಾಗಿ ಆಟವಾಡುತ್ತದೆ. ತಾಟಿನ ರೊಟ್ಟಿ ನಿಮಿಷದ ಗಡಿಯಾರ. ನಮ್ಮ ಊಟದ ದೃಶ್ಯದಲ್ಲಿ ಅಕ್ಕ ಅರ್ಧ ತಿಂದ ಸಜ್ಜಿ ರೊಟ್ಟಿ ಮರುಕ್ಷಣ ಪೂರ್ತಿ ದುಂಡಗಾಗಿತ್ತು. ಎರಡು ಗಡಿಯಾರ ಎರಡು ಹೊತ್ತು ತೋರಿಸಿದಲ್ಲೆಲ್ಲ ಒಂದು ತಪ್ಪು ಕೂತಿರುತ್ತದೆ.

ಎಲ್ಲಕ್ಕಿಂತ ಚೊಕ್ಕ ಗಡಿಯಾರ ಅಜ್ಜನ ಬಡಿಗೆ. ಊಟಕ್ಕೆ ಕೂರುವ ಮುಂಚೆ ಅಜ್ಜ ಅದನ್ನು ಎರೆಮಣ್ಣಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದ್ದ. ಆಯಿ ಪುಂಡಿಪಲ್ಯ ಬಡಿಸುವಾಗ ಬಡಿಗೆಯ ನೆರಳು ಗಿಡ್ಡ, ಉತ್ತರಕ್ಕೆ ಮುಖ ಮಾಡಿ ಬಿದ್ದಿದೆ. “ಸಾಕ ಆಯಿ” ಎಂದು ಹುಡುಗ ಕೈ ಅಡ್ಡ ಹಿಡಿಯುವಾಗ ಅದೇ ನೆರಳು ಬಡಿಗೆಯ ಎರಡು ಪಟ್ಟು ಉದ್ದವಾಗಿ ಈಶಾನ್ಯಕ್ಕೆ ಚಾಚಿಕೊಂಡಿದೆ. ಕತೆಯಲ್ಲಿ ನಡುವೆ ಕಳೆದದ್ದು ನಾಲ್ಕು ಸೆಕೆಂಡ್, ನೆರಳಿನ ಲೆಕ್ಕದಲ್ಲಿ ಮೂರು ತಾಸಿಗೂ ಮಿಕ್ಕು. ಆಯಿ ಬಡಿಸಿದ್ದನ್ನು ಮಧ್ಯಾಹ್ನ ತೆಗೆದಿದ್ದೆ. ಹುಡುಗನದನ್ನು ಮರೆತು, ನಾಲ್ಕು ಗಂಟೆಗೆ ಅವನನ್ನು ಮತ್ತೆ ಹಿಡಿದು ಕೂರಿಸಿ ತೆಗೆದೆ. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ, ಕ್ಯಾಮೆರಾಮನ್ ಮರೆತನೆಂದು ನಿಂತು ಕಾಯುವುದಿಲ್ಲ.

ನಡುವೆ ಒಂದು ಮಾತು. ನೆರಳು ದಿನದಲ್ಲೇ ಅತಿ ಗಿಡ್ಡವಾಗುವುದು ಸರಿಯಾಗಿ 12 ಗಂಟೆಗೆ ಎಂದುಕೊಂಡಿದ್ದೀರಾ? ವಿಜಯಪುರದಲ್ಲಿ ಆ ದಿನ ಅದು 12.30ರ ಹತ್ತಿರ. ನಮ್ಮ ಕೈಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ಅನುಸರಿಸುತ್ತವೆ. ವಿಜಯಪುರ ಇರುವುದು ಅದಕ್ಕಿಂತ ಪಶ್ಚಿಮಕ್ಕೆ, 75.7 ಡಿಗ್ರಿಯ ಬಳಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಹಿಡಿದು ನೀವೇ ಗುಣಿಸಿ ನೋಡಿ. ಇನ್ನು ಮೇ ಮೊದಲ ವಾರದ ಕೊನೆಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಒಂದೊಂದು ದಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗ ಅಜ್ಜನ ಬಡಿಗೆಗೆ ನೆರಳೇ ಇರುವುದಿಲ್ಲ.

ಬೆಳೆಯೂ ಗುಟ್ಟು ಬಿಟ್ಟುಕೊಟ್ಟಿತ್ತು. ತಿಕೋಟಾದ ಜೋಳ ಆಗಷ್ಟೇ ತೆನೆ ಹಾಯುತ್ತಿತ್ತು. ಬಬಲೇಶ್ವರದ ತುಣುಕಿನಲ್ಲಿ ಕಾಳು ತುಂಬಿ, ಸೀತನಿ ಸುಡುವ ಹದಕ್ಕೆ ಬಂದಿದೆ. ದ್ರಾಕ್ಷಿಯ ದೃಶ್ಯವಂತೂ ಕೇಳಲೇಬೇಡಿ. ಕಾಕಾ ಬಳ್ಳಿಯಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು “ಆಹಾ, ಸಕ್ಕರಿ!” ಎನ್ನಬೇಕಿತ್ತು. ನಮ್ಮಲ್ಲಿ ಅಕ್ಟೋಬರಿನಲ್ಲಿ ಚಾಟನಿ ಮಾಡಿದ, ಅಂದರೆ ಕಡ್ಡಿ ಸವರಿದ, ಬಳ್ಳಿಯ ಹಣ್ಣು ಮಾಗುವುದು ಫೆಬ್ರುವರಿ ಹೊತ್ತಿಗೆ. ಡಿಸೆಂಬರ್ ಕೊನೆಯ ಕಾಯಿ ಗಟ್ಟಿ, ಹಸಿರು, ಆಮ್ಲದ ಗುಳಿಗೆ. ಸಕ್ಕರೆ ತುಂಬುವುದು ಕಾಯಿ ಮೆತ್ತಗಾಗತೊಡಗಿದ ಮೇಲೆ. ಕಾಕಾ ಬಾಯಲ್ಲಿ ಸಕ್ಕರಿ ಎನ್ನುತ್ತಾನೆ, ಅವನ ಕಣ್ಣು ಮೂಗು ಎಲ್ಲ ಹುಣಸೆಹಣ್ಣು ಎನ್ನುತ್ತವೆ.

ಇಷ್ಟೆಲ್ಲ ಆಗುವಾಗ ಆಯಿ ಸುಮ್ಮನೆ ಕೂತಿದ್ದಳು. ರಾತ್ರಿಯ ದೃಶ್ಯ ಬಂತು. ಎಲ್ಲರೂ ಬ್ಯಾಟರಿ ಹಿಡಿದು ಹೊಲದಲ್ಲಿ ಚಾಳೀಸು ಹುಡುಕುತ್ತಾರೆ, ಮೇಲೆ ತುಂಬು ಚಂದ್ರ. ಚಿತ್ರದಲ್ಲೇ ಅತಿ ಚೆಂದದ ತುಣುಕು ಅದು, ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆಯಿ ಕೇಳಿದಳು: “ಅಲ್ಲೋ ತಮ್ಮಾ, ಎಳ್ಳಮಾಸಿ ರಾತ್ರಿ ಅಂತೀರಿ. ಅಮಾಸಿ ದಿನ ಚಂದಪ್ಪ ಎಲ್ಲಿಂದ ಬಂದ?”

ಯಾರೂ ಮಾತಾಡಲಿಲ್ಲ. ಆ ತುಣುಕನ್ನು ತೆಗೆದದ್ದು 2025ರ ಜನವರಿ 13ರ ರಾತ್ರಿ, ಅದು ಬನದ ಹುಣ್ಣಿಮೆ! ಅಮಾವಾಸ್ಯೆಯಂದು ಚಂದ್ರ ಸೂರ್ಯನ ದಿಕ್ಕಿನಲ್ಲೇ ಇರುತ್ತಾನೆ. ಬೆಳಕು ಬಿದ್ದ ಅವನ ಮೈ ಆಚೆಗಿರುತ್ತದೆ, ನಮ್ಮ ಕಡೆ ಕತ್ತಲ ಬೆನ್ನು. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತಾನೆ. ಹುಣ್ಣಿಮೆಗೆ ಬಂದರೆ ಸೂರ್ಯನ ಎದುರು ದಿಕ್ಕಿನಲ್ಲಿ ನಿಂತು, ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ನಾವು ಅದರ ಅರ್ಧವನ್ನು ಒಂದೇ ರಾತ್ರಿಯಲ್ಲಿ ಹಾರಿಬಿಟ್ಟಿದ್ದೆವು.

ಆಕಾಶದ ವಿಷಯದಲ್ಲಿ ಎಡವಿದವರು ನಾವೊಬ್ಬರೇ ಅಲ್ಲ. ಟೈಟಾನಿಕ್ ಹಡಗು 1912ರ ಏಪ್ರಿಲ್ 15ರ ನಸುಕಿನಲ್ಲಿ ಮುಳುಗಿತು. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು, ಹಾಗಾಗಿ ಚಂದ್ರನಿಲ್ಲದ ಆಕಾಶದಲ್ಲಿ ಬರೀ ನಕ್ಷತ್ರ. 1997ರಲ್ಲಿ ಜೇಮ್ಸ್ ಕ್ಯಾಮರೂನ್ ಅದನ್ನು ಸಿನಿಮಾ ಮಾಡಿದಾಗ ಆ ನಕ್ಷತ್ರಗಳೇ ತಪ್ಪಾಗಿದ್ದವು. ಆಕಾಶದ ಒಂದು ಅರ್ಧ ಇನ್ನೊಂದು ಅರ್ಧದ ಕನ್ನಡಿ ಬಿಂಬದಂತಿತ್ತು. ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಇದನ್ನು ಬೆನ್ನುಬಿಡದೆ ಹೇಳುತ್ತ ಬಂದರು. 2012ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ ಕ್ಯಾಮರೂನ್ ಆ ರಾತ್ರಿಯ ನಿಜವಾದ ನಕ್ಷತ್ರಗಳನ್ನು ಹಾಕಿಸಿದರು. ಟೈಸನ್ ಅವರಿಗೆ ದೂರದರ್ಶಕ ಬೇಕಾಯಿತೋ ಏನೋ, ನಮ್ಮ ಆಯಿಗೆ ಕ್ಯಾಲೆಂಡರೂ ಬೇಕಾಗಲಿಲ್ಲ.

ಸರಿ, ಈಗ ನನ್ನನ್ನು ಕಾಡಿದ ಪ್ರಶ್ನೆ. ತುಣುಕುಗಳನ್ನು ಜೋಡಿಸುವಾಗ ನಾನು ಈ ಸಿನಿಮಾವನ್ನು ಹತ್ತು ಸಲವಾದರೂ ನೋಡಿದ್ದೆ. ಹಲ್ಲು, ನೆರಳು, ಚಂದ್ರ ಒಂದೂ ಕಾಣಲಿಲ್ಲವೇಕೆ?

1997ರಲ್ಲಿ ಡೇನಿಯಲ್ ಲೆವಿನ್, ಡೇನಿಯಲ್ ಸೈಮನ್ಸ್ ಎಂಬ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ಬೇಕೆಂದೇ ತಪ್ಪು ತುಂಬಿದ ಒಂದು ಪುಟ್ಟ ಚಿತ್ರ ಮಾಡಿದರು. ಇಬ್ಬರು ಗೆಳತಿಯರು ಮೇಜಿನ ಮುಂದೆ ಕೂತು ಮಾತಾಡುತ್ತಾರೆ. ನೋಟ ಬದಲಾದಾಗಲೆಲ್ಲ ಏನಾದರೊಂದು ಬದಲು. ಒಬ್ಬಳ ಕೊರಳ ಸ್ಕಾರ್ಫ್ ಮಾಯವಾಗಿ ಮತ್ತೆ ಬರುತ್ತದೆ, ಕೆಂಪು ತಟ್ಟೆ ಬಿಳಿಯಾಗುತ್ತದೆ. ಒಟ್ಟು ಒಂಬತ್ತು ಬದಲಾವಣೆ. ಹತ್ತು ಜನರಿಗೆ ತೋರಿಸಿದರೆ ಏನೋ ಬದಲಾಯಿತು ಎಂದವರು ಒಬ್ಬರೇ. “ತಪ್ಪು ಇವೆ, ಹುಡುಕಿ” ಎಂದು ಹೇಳಿ ಎರಡನೆಯ ಸಲ ತೋರಿಸಿದರೂ ಸರಾಸರಿ ಎರಡೇ ಸಿಕ್ಕವು.

ಕಣ್ಣಿಗೆ ದೋಷವಿರಲಿಲ್ಲ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಒಂದೆರಡು ಪಟ್ಟು ಅಗಲದ ಜಾಗವಷ್ಟೇ ಕಣ್ಣಿಗೆ ಪೂರ್ತಿ ಚೊಕ್ಕ ಕಾಣುವುದು. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತಲೇ ಇರುತ್ತದೆ. ನೆಗೆಯುವ ಆ ಕ್ಷಣದ ಕಲಸಿದ ನೋಟವನ್ನು ಮಿದುಳು ನಮಗೆ ತೋರಿಸುವುದೇ ಇಲ್ಲ, ಹಿಂದಿನ ನೋಟಕ್ಕೆ ಮುಂದಿನದನ್ನು ಹೊಲಿದುಬಿಡುತ್ತದೆ. ನಂಬಿಕೆ ಬಾರದಿದ್ದರೆ ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು ನೋಡಿಕೊಳ್ಳಿ. ಕಣ್ಣು ಅಲುಗಿದ್ದು ನಿಮಗೆ ಕಾಣಿಸದು, ಪಕ್ಕದಲ್ಲಿ ನಿಂತ ತಮ್ಮನಿಗೆ ಕಾಣಿಸುತ್ತದೆ. ಆಮೇಲೆ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಹಾಗೆಯೇ ಮಾಡಿ. ಈಗ ಅಲುಗುವುದು ಕಾಣುತ್ತದೆ, ಏಕೆಂದರೆ ಫೋನ್ ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದೆ.

ಸಿನಿಮಾದ ಕತ್ತರಿಯೂ ಇಂಥದೇ ಒಂದು ನೆಗೆತ. ಅಜ್ಜ ಏನಂದ, ಹುಡುಗ ಏನಂದ ಎಂಬ ಕತೆಯ ಹಿಂದೆ ನನ್ನ ಗಮನ ಓಡುತ್ತಿತ್ತು. ಬಡಿಗೆಯ ನೆರಳು ಹೆಬ್ಬೆರಳಿನ ಆಚೆ ಉಳಿಯಿತು. ಸಣ್ಣವನಿಗೆ ಹಲ್ಲು ಕಂಡದ್ದು ಹೇಗೆ? ಹದಿನೈದು ದಿನದಿಂದ ಅವನ ನಾಲಿಗೆ ಆ ಕಿಂಡಿಯಲ್ಲೇ ಆಡುತ್ತಿತ್ತು, ಅವನಿಗೆ ಅದೇ ಕತೆ.

ಕಿವಿಯ ತಪ್ಪೂ ಒಂದಿತ್ತು. 1656ರಲ್ಲಿ ಮುಗಿದ ಗೋಳಗುಮ್ಮಟ ನಿಮಗೆ ಗೊತ್ತೇ ಇದೆ, ಮೇಲಿನ ಗ್ಯಾಲರಿಯಲ್ಲಿ ಪಿಸುಗುಟ್ಟಿದರೂ ಆಚೆ ಬದಿಯವರಿಗೆ ಕೇಳಿಸುತ್ತದೆ. ಅಲ್ಲಿ ಹುಡುಗ “ಚಾಳೀಸಾ!” ಎಂದು ಕೂಗಿದ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್‌ನಂತೆ ಎದುರು ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಹತ್ತನೆಯ ಒಂದು ಭಾಗಕ್ಕಿಂತ ತಡವಾಗಿ ಬಂದರೆ ನಮ್ಮ ಕಿವಿ ಅದನ್ನು ಬೇರೆ ದನಿ ಎಂದೇ ಕೇಳುತ್ತದೆ. ಹಾಗಾಗಿ ಚಾಳೀಸಾ, ಚಾಳೀಸಾ, ಚಾಳೀಸಾ ಎಂದು ಒಂದರ ಮೇಲೊಂದು ಬಂದು ಮಾತೆಲ್ಲ ಕಲಸಿಹೋಯಿತು. ಡೈರೆಕ್ಟರ್ ಮನೆಗೆ ಬಂದು ಹುಡುಗನನ್ನು ಕೌದಿಯೊಳಗೆ ಕೂರಿಸಿ ಮಾತನ್ನು ಮತ್ತೆ ಹೇಳಿಸಿದಳು. ಕೌದಿಯ ಅರಿವೆ ಸದ್ದನ್ನು ಹೀರುತ್ತದೆ, ಪ್ರತಿಧ್ವನಿಯ ಸುಳಿವೇ ಇಲ್ಲ. ಈಗ ತೆರೆಯ ಮೇಲೆ ಅಷ್ಟು ದೊಡ್ಡ ಗುಮ್ಮಟದಡಿ ನಿಂತ ಹುಡುಗ ಹಾಸಿಗೆಯಲ್ಲಿ ಮಲಗಿ ಮಾತಾಡಿದಂತೆ ಕೇಳಿಸುತ್ತಾನೆ.

ಕೊನೆಯ ದೃಶ್ಯ. ಚಾಳೀಸು ಸಿಗುವುದು ಎತ್ತಿನ ಕೊಂಬಿನಲ್ಲಿ. (ಹೇಳಿಬಿಟ್ಟೆ, ಇರಲಿ.) ಅದನ್ನು ತೀರಾ ಹತ್ತಿರದಿಂದ ತೆಗೆದಿದ್ದೆ. ಸಣ್ಣವನು ಟಿವಿಯ ಬಳಿ ಹೋಗಿ ಗಾಜಿನ ಮೇಲೆ ಬೆರಳಿಟ್ಟ. ಚಾಳೀಸಿನ ಉಬ್ಬಿದ ಗಾಜು ಪುಟ್ಟ ಉಬ್ಬುಗನ್ನಡಿಯ ಹಾಗೆ. ಎದುರಿನ ಬಯಲನ್ನೆಲ್ಲ ಕುಗ್ಗಿಸಿ ತನ್ನಲ್ಲಿ ಇಟ್ಟುಕೊಂಡಿತ್ತು: ಬಂಡಿ, ಬನ್ನಿಗಿಡ, ಮತ್ತು ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಶೇಂಗಾ ಹೋಳಿಗೆ ಹಿಡಿದು ಬಾಯಿ ಆಡಿಸುತ್ತಿರುವ ನಾನು.

“ಇದನ್ನ ಕತ್ತರಿಸಿ ಒಗೀಲೇನ?” ಎಂದೆ.

“ಬ್ಯಾಡ ಮಾಮಾ,” ಎಂದಳು ಡೈರೆಕ್ಟರ್. “ಕ್ಯಾಮೆರಾಮನ್ ಯಾರು ಅಂತ ಬ್ಯಾರೆ ಹೆಸರ ಹಾಕೂದು ತಪ್ಪಿತು.”