ಚೌಡಿಕೆ ನುಡಿಯುವಾಗ ಆಯೇರಿ ಬೇಡ

(ಶಿವಾನುಭವಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನಮ್ಮೂರಿನ ಬಳಗ ಈಚೆಗೆ ಆಡಿದ ಸಂಗೀತ ನಾಟಕದ ಬಗ್ಗೆ ಮಾತಾಡಬೇಕೆಂದು ಅಪ್ಪಣೆಯಾಗಿದೆ. ನಾಟಕದ ವಸ್ತು ಮುತ್ತು ಕಟ್ಟುವ ಪದ್ಧತಿ. ಅಂದರೆ ಹೆಣ್ಣು ಕೂಸನ್ನು ಯಲ್ಲಮ್ಮನ ಹೆಸರಿನಲ್ಲಿ ದೇವದಾಸಿಯಾಗಿ ಬಿಡುವುದು. ಮಠದ ಅಂಗಳದಲ್ಲಿ ಇಂಥದ್ದನ್ನು ಮೈಕಿನಲ್ಲಿ ಹೇಳಬೇಕೇ ಎಂದು ನಿನ್ನೆ ಒಬ್ಬರು ನನ್ನನ್ನು ಕೇಳಿದರು. ಶರಣರು ಅನುಭವ ಮಂಟಪದಲ್ಲಿ ಸೂಳೆ ಸಂಕವ್ವೆಗೆ ಜಾಗ ಕೊಟ್ಟವರು. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಆಕೆ ಬರೆದ ವಚನ ಇವತ್ತಿಗೂ ನಮ್ಮ ಸಂಪುಟಗಳಲ್ಲಿದೆ. ಅಲ್ಲಿ ಸಲ್ಲುವ ಮಾತು ಇಲ್ಲಿಯೂ ಸಲ್ಲಬೇಕು.

ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವನು. ಮೊದಲು ಕೆಲಸ ಮಾಡಿದ್ದು ಮಲಪ್ರಭಾ ಯೋಜನೆಯಲ್ಲಿ. ನವಿಲುತೀರ್ಥದಲ್ಲಿ ನಿಂತ ನೀರಿಗೆ ರೇಣುಕಾಸಾಗರ ಎಂದೇ ಹೆಸರು. ಯಲ್ಲಮ್ಮನ ಗುಡ್ಡ ಅಲ್ಲಿಂದ ಬಹಳ ದೂರವಿಲ್ಲ. ಭಾರತ ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಜೋಗುಳಬಾವಿಯಲ್ಲಿ ಸ್ನಾನ, ಭಂಡಾರ, ಉಧೋ ಉಧೋ ಎನ್ನುವ ಕೂಗು. ಗುಡ್ಡಕ್ಕೆ ಹೋಗುವವರೆಲ್ಲ ಈ ಪಾಪದ ಪಾಲುದಾರರು ಎಂದು ನಾನು ಹೇಳುವುದಿಲ್ಲ. ಹಡ್ಡಲಿಗಿ ತುಂಬಿಸಿ, ಹೋಳಿಗೆ ಉಂಡು ಬರುವ ಲಕ್ಷಾಂತರ ಜನರಿದ್ದಾರೆ, ನಮ್ಮ ಮನೆತನಗಳವರೂ ಇದ್ದಾರೆ. ಆದರೆ ಅದೇ ಜಾತ್ರೆಯ ಮರೆಯಲ್ಲಿ ಕೆಂಪು ಬಿಳಿ ಮಣಿಯ ಸರ ಕೂಸುಗಳ ಕೊರಳಿಗೆ ಬಿದ್ದಿದೆ. ತಲೆಯಲ್ಲಿ ಜಡೆ ಕಟ್ಟಿತು ಎಂದು, ಮೈಮೇಲೆ ಬೇನೆ ಎದ್ದಿತು ಎಂದು, ಗಂಡು ಹುಟ್ಟಲಿಲ್ಲ, ಮುಪ್ಪಿನಲ್ಲಿ ನೋಡುವವರಿಲ್ಲ ಎಂದು. ಕೊರಳೊಡ್ಡಿದವರು ಹೆಚ್ಚುಕಡಿಮೆ ಎಲ್ಲರೂ ದಲಿತರ ಕೇರಿಯವರು.

ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಕಾಯ್ದೆ ಬಂದಿತ್ತು. 1982ರಲ್ಲಿ ಕರ್ನಾಟಕದ್ದೇ ಕಾಯ್ದೆಯಾಯಿತು: ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ, ಹೆತ್ತವರೋ ಬಂಧುಗಳೋ ಆಗಿದ್ದರೆ 5 ವರ್ಷದವರೆಗೆ ಸೆರೆ. ಆಮೇಲೆ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ಸಮೀಕ್ಷೆ ಮಾಡಿಸಿತು. ಎರಡೂ ಸೇರಿ ಪಟ್ಟಿಗೆ ಬಂದವರು 46,660 ಮಂದಿ. ಕಾಲುವೆಯ ಲೆಕ್ಕ ಬರೆದ ಕೈ ನನ್ನದು, ಅಂಕಿ ಸಂಖ್ಯೆಗೆ ಬೇಗ ಬೆದರುವವನಲ್ಲ. ಇಷ್ಟು ಮಂದಿಯನ್ನು ಒಂದು ಕಡೆ ಕೂರಿಸಿದರೆ ಒಂದು ತಾಲ್ಲೂಕು ಕೇಂದ್ರವೇ ಆಗುತ್ತದೆ.

ಇದನ್ನು ಹಾಡಿನ ನಾಟಕ ಏಕೆ ಮಾಡಿದಿರಿ, ಭಾಷಣ ಮಾಡಿದ್ದರೆ ಸಾಕಿತ್ತಲ್ಲ ಎಂದು ಕೇಳಿದವರಿದ್ದಾರೆ. ನಮ್ಮ ನಾಡಿಗೆ ಹಾಡಿನ ನಾಟಕ ಹೊಸದಲ್ಲ. ಏಣಗಿ ಬಾಳಪ್ಪನವರು ಬಸವಣ್ಣನವರನ್ನು ಊರೂರಿಗೆ ಮುಟ್ಟಿಸಿದ್ದು ಕಂಪನಿ ರಂಗದ ಮೇಲಿಂದಲೇ. ಹಾದರ, ಕೊಲೆ ಇರುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ನಮ್ಮ ತಾಯಂದಿರೂ ಬೆಳತನಕ ಕುಳಿತು ನೋಡಿದ್ದಾರೆ. ಆಡಿ ತೋರಿಸಲು ಆಗದ್ದು ಎಂಬುದು ಈ ಮಣ್ಣಿನಲ್ಲಿ ಕಡಿಮೆ.

ತೊಡಕು ಬೇರೆ ಕಡೆ ಇತ್ತು. ಈ ಪದ್ಧತಿ ತನ್ನದೇ ಸಂಗೀತದ ಮೇಲೆ ನಿಂತಿದೆ. ಚೌಡಿಕೆಯನ್ನು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಕೊಳಗದಂಥ ಮರದ ಮೈ, ಕೆಳಗೆ ಚರ್ಮ, ಅದರ ನಡುವಿನಿಂದ ಎದ್ದ ಒಂದೇ ತಂತಿ. ಕಂಕುಳಲ್ಲಿ ಅವುಚಿಕೊಂಡು ಒಂದು ಕೈಯಿಂದ ತಂತಿ ಎಳೆದು, ಇನ್ನೊಂದರಿಂದ ಮೀಟುತ್ತಾರೆ. ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕಾಲೇಜಿನಲ್ಲಿ ನಾವು ಸೂತ್ರವಾಗಿ ಬಾಯಿಪಾಠ ಮಾಡಿದ್ದನ್ನು ಜೋಗಮ್ಮ ತೋಳಿನಿಂದಲೇ ಬಲ್ಲಳು. ಆ ನಾದ ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಕೂಸನ್ನು ಗುಡಿಗೆ ನಡೆಸಿಕೊಂಡು ಹೋಗುವಾಗ ನುಡಿಯುವುದೂ ಅದೇ ನಾದ. ಅದನ್ನು ರಂಗಕ್ಕೆ ತಂದರೆ ಪ್ರೇಕ್ಷಕ ಸವಿಯುತ್ತಾನೆ. ಸವಿದು ಎದ್ದು ಹೋದರೆ ನಾವು ಮಾಡಿದ್ದೇನು?

ಚೌಡಿಕೆಗೆ ನಮ್ಮೂರಿನ ಹಿರಿಯಕ್ಕ ಒಬ್ಬರನ್ನು ಕೇಳಿದೆವು. ಎಳವೆಯಲ್ಲಿ ಮುತ್ತು ಕಟ್ಟಿಸಿಕೊಂಡವರು, ಆಮೇಲೆ ತಾವೇ ಹರಿದು ಹಾಕಿದವರು. ಅವರ ಷರತ್ತು ಎರಡು.

"ಇಂಜಿನಿಯರ್ ಸಾಹೇಬ್ರ, ನಾ ಹಾಡ್ತೀನ್ರಿ. ಆದ್ರ ಜೋಗವ್ವನ ಪಾತ್ರ ಮಾಡೂದಿಲ್ಲ. ಅದನ್ನ ಆಗಲೇ ಮಾಡಿ ಮುಗಿಸೀನಿ. ಪೇಟಿ ಮಾಸ್ತರ ಬಾಜೂಕ ಖುರ್ಚಿ ಹಾಕ್ರಿ, ಅಲ್ಲಿ ಕುಂಡರ್ತೀನಿ."

"ಆತ್ರೀ ಅಕ್ಕಾ. ಎರಡನೇದು?"

"ಆ ಹುಡುಗಿ ಪಾತ್ರಕ್ಕ ಯಾ ಕೂಸನ್ನೂ ನಿಂದರಸಬ್ಯಾಡ್ರಿ. ನಾಟಕದಾಗೂ ಬ್ಯಾಡ."

ಪೇಟಿ ಮಾಸ್ತರಿಗೆ ಇದು ಸರಿಬರಲಿಲ್ಲ. ಹುಡುಗಿಯೇ ಇಲ್ಲದ ಮೇಲೆ ಕರುಣರಸ ಎಲ್ಲಿಂದ ಬರುತ್ತದೆ ಎಂದು ಅವರ ವಾದ. ನನಗಂತೂ ಅಕ್ಕನ ಮಾತೇ ಸರಿ ಕಂಡಿತು. ಹನ್ನೊಂದು ವರ್ಷದ ಹುಡುಗಿಗೆ ಹಸಿರು ಸೀರೆ ಉಡಿಸಿ, ದೀಪದಡಿ ನಿಲ್ಲಿಸಿ ಐನೂರು ಜನಕ್ಕೆ ತೋರಿಸುವುದು ತೋರಿಸಬಾರದ್ದನ್ನೇ ಮತ್ತೆ ಮಾಡಿದ ಹಾಗೆ. ಕೊನೆಗೆ ಒಂದು ಮಣೆ, ಅದರ ಮೇಲೆ ಮಡಚಿದ ಪುಟ್ಟ ಹಸಿರು ಸೀರೆ, ಇಷ್ಟೇ ಇಟ್ಟೆವು. ತಾಯಿಯ ಪಾತ್ರದವಳು ಮಣೆಗೆ ಮಾತಾಡುತ್ತಾಳೆ. ಜಾತ್ರೆಯ ದೃಶ್ಯದಲ್ಲಿ ಚೌಡಿಕೆ ತುಂಬಿ ನುಡಿಯುತ್ತದೆ. ಮುತ್ತು ಕಟ್ಟುವ ಗಳಿಗೆಯಲ್ಲಿ ಒಂದು ಸ್ವರವೂ ಇಲ್ಲ. ಪೇಟಿ, ತಬಲಾ, ಚೌಡಿಕೆ ಎಲ್ಲ ನಿಲ್ಲುತ್ತವೆ. ಸುಮಾರು ಎರಡು ನಿಮಿಷ. ಸಂಗೀತ ನಾಟಕದಲ್ಲಿ ಎರಡು ನಿಮಿಷ ಬಹಳ ಉದ್ದ, ಕುಳಿತು ನೋಡಿ.

ಇನ್ನೊಂದು ಜಗಳ ಗೌಡನ ಪಾತ್ರದ ಮೇಲೆ ಆಯಿತು. ಹುಡುಗಿ ದೊಡ್ಡವಳಾದ ಮೇಲೆ ಖರ್ಚು ಕೊಟ್ಟು ಮೊದಲ ರಾತ್ರಿ ತನ್ನದೆಂದು ಹಿಡಿಯುವವನು ಯಾರು? ಪರವೂರಿನ ಸಾವುಕಾರ ಅಂತ ಮಾಡಿರಿ ಎಂದು ನಮ್ಮವರೇ ಕೆಲವರು ಹೇಳಿದರು. ಪರವೂರಿನವನು ಅಷ್ಟು ಊರುಗಳಿಗೆ ಹೇಗೆ ಮುಟ್ಟುತ್ತಾನೆ? ಹೊಲ ಇದ್ದವನು, ಕಾಳು ಕೊಡುವವನು, ಪಂಚಾಯಿತಿಯಲ್ಲಿ ಕೂರುವವನು ಯಾರೆಂದು ಎಲ್ಲರಿಗೂ ಗೊತ್ತು. ನಮ್ಮ ಗೌಡ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡೇ ರಂಗಕ್ಕೆ ಬರುತ್ತಾನೆ. ಇದರಿಂದ ಸಮಾಜಕ್ಕೆ ಕೆಟ್ಟ ಹೆಸರು ಎಂದು ಒಬ್ಬ ಹಿರಿಯರು ತಾಲೀಮಿನಿಂದ ಎದ್ದು ಹೋದರು. ನಮ್ಮ ಭಾಗದ ಸ್ವಾಮಿಗಳೊಬ್ಬರ ಹತ್ತಿರ ದೂರು ಹೋಯಿತು. ಅವರು ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ಆ ಗೌಡ ಕಡೀಕ ಏನಾಗ್ತಾನು?" "ಏನೂ ಆಗೂದಿಲ್ಲ ಬುದ್ಧಿ, ನೆಟ್ಟಗ ಮನೀಗೆ ಹೋಗ್ತಾನು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೇ ಇರ್ಲಿ" ಎಂದರು.

ಇನ್ನು ಆಯೇರಿಯ ವಿಷಯ. ನಮ್ಮ ಕಡೆ ನಾಟಕ ಎಂದರೆ ಆಯೇರಿ ಇದ್ದದ್ದೇ. ಹಾಡು ಮೆಚ್ಚಿದವರು ರಂಗಕ್ಕೆ ಹತ್ತಿ ನೋಟು ಕೊಡುತ್ತಾರೆ, ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ಎಷ್ಟೋ ಕಲಾವಿದರ ಅನ್ನ ಅದರಲ್ಲಿದೆ, ನಾನು ಅದನ್ನು ಹಳಿಯುವುದಿಲ್ಲ. ಆದರೆ ಈ ನಾಟಕದಲ್ಲಿ? ಮುತ್ತು ಹರಿದು ಹಾಕಿದ ಹೆಂಗಸು ಚೌಡಿಕೆ ಹಿಡಿದು ಹಾಡುತ್ತಾಳೆ, ಊರಿನ ಗಂಡಸು ಎದ್ದು ಬಂದು ಹಣ ಒಡ್ಡುತ್ತಾನೆ, ಅವನ ಹೆಸರು ಸಾರುತ್ತಾರೆ. ನಾವು ನಾಟಕದಲ್ಲಿ ಯಾವುದು ತಪ್ಪು ಎನ್ನುತ್ತೇವೋ ಅದೇ ರಂಗದ ಮುಂದೆ ನಡೆದ ಹಾಗೆ. ಆದ್ದರಿಂದ ಆಯೇರಿ ಇಲ್ಲ ಎಂದು ಮೊದಲೇ ಮೂರು ಸಲ ಹೇಳಿಸಿದೆವು.

ಆದರೂ ಮೊದಲ ಪ್ರಯೋಗದಲ್ಲಿ, ಜಾತ್ರೆಯ ಹಾಡಿಗೆ ವನ್ಸ್ ಮೋರ್ ಕೂಗೆದ್ದಾಗ, ಐನೂರರ ನೋಟು ಹಿಡಿದು ಒಬ್ಬರು ಬಂದೇ ಬಂದರು. ಕೆಟ್ಟ ಮನುಷ್ಯರಲ್ಲ, ಕಲೆಗೆ ಕೊಡುತ್ತೇನೆ ಎಂದೇ ಬಂದದ್ದು. ಅಕ್ಕ ತಂತಿ ಎಳೆಯುವುದನ್ನು ನಿಲ್ಲಿಸಿದರು. ಮೀಟುವ ಕೈ ಗಾಳಿಯಲ್ಲೇ ನಿಂತಿತು. ಅವರತ್ತ ನೋಡಲೂ ಇಲ್ಲ, ಎದುರಿಗೆ ನೋಡುತ್ತ ಕುಳಿತರು. ತಬಲಾದವನು ಎರಡು ಪೆಟ್ಟು ಹಾಕಿ ತಾನೂ ನಿಲ್ಲಿಸಿದ. ಪೆಂಡಾಲಿನಲ್ಲಿ ಉಸಿರಿಲ್ಲ. ಆ ಯಜಮಾನರು ನೋಟನ್ನು ಕಿಸೆಗೆ ಹಾಕಿಕೊಂಡು ಕೆಳಗಿಳಿದರು. ಆಮೇಲೆ ಅಕ್ಕ ಬಿಟ್ಟ ನುಡಿಯಿಂದಲೇ ಮತ್ತೆ ಎತ್ತಿಕೊಂಡರು.

ಇಲ್ಲಿ ತಾಯಂದಿರಿಗೆ ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಸಂಕವ್ವೆಯ ವಚನವನ್ನು ನೀವು ಗೋಷ್ಠಿಯಲ್ಲಿ ಇಂಪಾಗಿ ಹಾಡುತ್ತೀರಿ. ನಿಮ್ಮ ಓಣಿಯಲ್ಲಿ ಮುತ್ತು ಹರಿದು ಕೂತ ಹೆಂಗಸನ್ನು ಶ್ರಾವಣದ ಪ್ರಸಾದಕ್ಕೆ ಯಾರಾದರೂ ಕರೆದಿದ್ದೀರಾ? ನಮ್ಮ ಅಕ್ಕ ನಾಟಕದ ಮಾರನೆಯ ದಿನವೂ ಅದೇ ಕೇರಿಯಲ್ಲಿ, ಅದೇ ನಳಕ್ಕೆ ಕೊಡ ಹಿಡಿದು ನಿಂತಿದ್ದರು. ಅವರ ಮೊಮ್ಮಗನ ಶಾಲೆಯ ಕಾಗದಗಳಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದೆ.

ಕೆಲವು ಮಠಗಳಿಂದ ನಾಟಕಕ್ಕೆ ಕರೆ ಬಂದಿದೆ, ಸಂತೋಷ. ರಂಗ 24 ಅಡಿ ಅಗಲ, 18 ಅಡಿ ಆಳ ಇದ್ದರೆ ಸಾಕು. ಗೌರವಧನ ಬೇಡ, ಹದಿನಾಲ್ಕು ಜನರಿಗೆ ಬಸ್ಸಿನ ಖರ್ಚು, ಪ್ರಸಾದ ಇರಲಿ. ಅಕ್ಕನಿಗೆ ಪಂಕ್ತಿಯಲ್ಲಿ ಎಲ್ಲರ ಜೊತೆಗೇ ಎಲೆ ಹಾಕಬೇಕು. ಆಯೇರಿ ಇಲ್ಲ. ಗೌಡನ ಹಣೆಯ ವಿಭೂತಿ ಅಳಿಸಿರಿ ಎಂದು ಕೇಳುವವರು ದಯವಿಟ್ಟು ಕರೆಯುವ ಮೊದಲೇ ತಿಳಿಸಿರಿ, ನಾವು ಬರುವುದಿಲ್ಲ.